ದ್ಯಾಮಣ್ಣನವರ ಗೊರಕೆ ಮತ್ತು ಏಳನೆಯ ಕಲಂ

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫಾಸ್ಟರ್ ಸಿಟಿಯಲ್ಲಿ ಮನೆಗಳ ಹಿತ್ತಲಿಗೇ ನೀರು. ಅದಕ್ಕೆ ಲಗೂನು ಎನ್ನುತ್ತಾರೆ, ಪುಟ್ಟ ದೋಣಿ ಬಿಟ್ಟುಕೊಂಡು ಭಾನುವಾರ ಕಳೆಯುತ್ತಾರೆ. ಅಂಥ ಒಂದು ಮನೆಯ ಹಿತ್ತಲಲ್ಲಿ ಮಾತ್ರ ದೋಣಿ ಇರಲಿಲ್ಲ. ಅಲ್ಲಿ ಹಗ್ಗದ ತುಂಬ ಮಕ್ಕಳ ಅಂಗಿ ಒಣಗುತ್ತಿದ್ದವು, ಒಳಗಿನಿಂದ ಒಂದು ಹಿಂಡು ಮಕ್ಕಳ ಕಿರುಚಾಟ ಬರುತ್ತಿತ್ತು, ಆ ಕಿರುಚಾಟವನ್ನೂ ಮೀರಿಸಿ ಗದಗಿನ ಗಂಟಲೊಂದು ಕೇಳುತ್ತಿತ್ತು: “ಏ ಜೇಸನ್ಯಾ, ಟೇಬಲ್ಲಿನಿಂದ ಇಳೀತಿಯೋ ಇಲ್ಲೋ? ನಿಮ್ಮವ್ವ ಬರಲಿ ಇವತ್ತ!”

ಅದು ಗುರುಬಸವ್ವನ ಡೇಕೇರು, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಮನೆ. ಜೇಸನ್ನನಿಗೆ ಕನ್ನಡ ಎಂಬ ಭಾಷೆ ಇದೆ ಎಂದೇ ಗೊತ್ತಿರಲಿಲ್ಲ, ಆದರೂ ತಟ್ಟನೆ ಇಳಿಯುತ್ತಿದ್ದ. ಗುರುಬಸವ್ವ ದನಿ ಏರಿಸಿದರೆ ಲಗೂನಿನ ಬಾತುಕೋಳಿಗಳೂ ಆಚೆ ದಡಕ್ಕೆ ಹೋಗುತ್ತಿದ್ದವು ಎಂದು ಅವಳ ಗಂಡ ಹೇಳುತ್ತಿದ್ದ. ಗಂಡನ ಮಾತನ್ನು ಅರ್ಧ ನಂಬಬಹುದು.

ಈ ಡೇಕೇರಿನಲ್ಲಿ ಒಂದು ಕಾನೂನಿತ್ತು. ಮೂರೂವರೆಗೆ ಚಕ್ಕುಲಿ ಕೊಡುವಾಗ ಸುಮ್ಮನೆ ಕೈಯೊಡ್ಡುವಂತಿಲ್ಲ. ಪಕ್ಕದಲ್ಲಿ ಕೂತವರ ಹೆಸರನ್ನು ಪ್ರಾಸಕ್ಕೆ ಕೂಡಿಸಿ ಹೇಳಬೇಕು, ಆಮೇಲೆ ಚಕ್ಕುಲಿ. ಮಕ್ಕಳು ಇಂಗ್ಲಿಷಿಗೂ ಕನ್ನಡಕ್ಕೂ ಗಂಟು ಹಾಕಿ ಏನೇನೋ ಕಟ್ಟುತ್ತಿದ್ದರು. “ಒನ್ ಟೂ ಚಕ್ಕಲಿ, ಜೇಸನ್ ಬಿದ್ದ ಪಕ್ಕದಲಿ” ಎಂದು ಏಮಿ ಎಂಬ ಐದು ವರ್ಷದ ಹುಡುಗಿ ಹೇಳಿದ ದಿನ ಗುರುಬಸವ್ವನಿಗೆ ಎಷ್ಟು ಖುಷಿಯಾಯಿತೆಂದರೆ, ಅವಳಿಗೆ ಎರಡು ಚಕ್ಕುಲಿ ಕೊಟ್ಟು ತಾನೂ ಒಂದು ತಿಂದಳು.

ಗುರುಬಸವ್ವನ ಊರಿನಲ್ಲಿ ಇದಕ್ಕೆ ಒಡಪು ಎನ್ನುತ್ತಾರೆ. ಅಲ್ಲಿ ಹೆಂಗಸರು ಗಂಡನ ಹೆಸರನ್ನು ಹಾಗೆಯೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೊಸ್ತಿಲು ದಾಟುವಾಗ, ಹತ್ತು ಜನ ಅಡ್ಡಗಟ್ಟಿ ನಿಂತು “ಹೇಳs, ಹೇಳs” ಎಂದು ಕಾಡಿದಾಗ, ಎರಡು ಸಾಲು ಕಟ್ಟಿ ಅದರ ನಡುವೆ ಹೆಸರನ್ನು ತೂರಿಸಿ ಹೇಳಿಬಿಡುತ್ತಾರೆ. ಹೇಳಿದ್ದೇ ತಡ, ಮನೆಯೆಲ್ಲ ನಗೆ. ಗುರುಬಸವ್ವ ಅಮೆರಿಕಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಡ್ರೈವಿಂಗ್ ಕಲಿತಿದ್ದಳು, ಫ್ರೀವೇಯಲ್ಲಿ ಟ್ರಕ್ಕುಗಳನ್ನು ಹಿಂದೆ ಹಾಕುತ್ತಿದ್ದಳು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕುತ್ತಿದ್ದಳು. ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಗಂಡನ ಹೆಸರು ಒಡಪಿಲ್ಲದೆ ಅವಳ ಬಾಯಿಂದ ಹೊರಡುತ್ತಿರಲಿಲ್ಲ.

ಇದರಿಂದ ಆದ ಫಜೀತಿಗಳು ಒಂದೆರಡಲ್ಲ. ಒಮ್ಮೆ ಸ್ಯಾನ್ ಮಟೇಯೋದ ದೊಡ್ಡ ಅಂಗಡಿಯಲ್ಲಿ ಗಂಡ ಕಳೆದುಹೋದ. ಕಳೆದುಹೋದ ಎಂದರೆ, ಸುತ್ತಿಗೆ ಮೊಳೆ ಮಾರುವ ಕಡೆ ಹೋಗಿ ಲೋಕ ಮರೆತ. ಮೈಕಿನ ಮುಂದೆ ಕೂತ ಹುಡುಗಿ ಅವರ ಹೆಸರೇನೆಂದು ಕೇಳಿದಳು. ಗುರುಬಸವ್ವ ಎತ್ತರ ಹೇಳಿದಳು, ಬಕ್ಕತಲೆ ಹೇಳಿದಳು, ಸ್ವೆಟರಿನ ಬಣ್ಣ ಹೇಳಿದಳು. ಹೆಸರು ಬೇಕೇ ಬೇಕೆಂದು ಆ ಹುಡುಗಿ ಹಟ ಹಿಡಿದಾಗ ತನ್ನ ಹೆಸರನ್ನೇ ಕೊಟ್ಟಳು. “ಗುರುಬಸವ್ವನ ಗಂಡ ಎಲ್ಲಿದ್ದರೂ ಮುಂಬಾಗಿಲಿಗೆ ಬರಬೇಕು” ಎಂದು ಇಡೀ ಅಂಗಡಿಗೆ ಸಾರಿದ್ದಾಯಿತು. ಕೈಯಲ್ಲಿ ಮೊಳೆ ಪೊಟ್ಟಣ ಹಿಡಿದು ಬಂದ ಗಂಡ, ಸೇತುವೆ ಕಟ್ಟಿಸುವ ಎಂಜಿನಿಯರು, “ನನ್ನ ಮರ್ಯಾದಿ ಮೂರು ಮಾಳಿಗಿ ಮ್ಯಾಲಿಂದ ಕೆಳಗ ಒಗದಿ ನೋಡ” ಎಂದು ಮನೆ ತಲುಪುವವರೆಗೂ ಹೇಳುತ್ತಿದ್ದ. ಅವನ ಹೆಸರು ಸಿದ್ರಾಮಪ್ಪ. ನಾವು ಹೇಳಬಹುದು, ನಮಗೇನೂ ಅಡ್ಡಿಯಿಲ್ಲ.

೧೯೮೭ರ ಮಾರ್ಚಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಆ ತಿಂಗಳನ್ನು ಮಹಿಳಾ ಇತಿಹಾಸದ ತಿಂಗಳು ಎಂದು ಘೋಷಿಸಿತು. ಏಮಿಯ ಅಜ್ಜಿ ಲೊರೇನ್‌ಗೆ ಅಷ್ಟೇ ಸಾಕಾಗಲಿಲ್ಲ. ಲೊರೇನ್ ನಿವೃತ್ತ ಶಾಲಾಶಿಕ್ಷಕಿ. ಸಿಟ್ಟು, ಪ್ರೀತಿ ಎರಡೂ ಅವಳಲ್ಲಿ ಒಂದೇ ವೇಗದಲ್ಲಿ ಉಕ್ಕುತ್ತಿದ್ದವು. ಹೆಂಗಸರಿಗೆ ಒಂದು ತಿಂಗಳು ಕೊಟ್ಟು ಕೈತೊಳೆದುಕೊಂಡರೆ ಆಯಿತೇ, ಒಂದು ಕಟ್ಟಡ ಬೇಡವೇ ಎಂದು ಅವಳ ವಾದ. ರಾಜಧಾನಿಯಲ್ಲಿ ಮಹಿಳೆಯರ ಇತಿಹಾಸಕ್ಕೆಂದೇ ಒಂದು ರಾಷ್ಟ್ರೀಯ ಸಂಗ್ರಹಾಲಯ ಆಗಬೇಕು, ಅದಕ್ಕೊಂದು ಕಾಯಿದೆ ಆಗಬೇಕು. ಸರಕಾರದವರು ಬರೆಯುವವರೆಗೆ ಕಾಯುವುದೇಕೆ, ನಾವೇ ಕರಡು ಬರೆದು ಕಾಂಗ್ರೆಸ್ಸಿನ ನಮ್ಮ ಪ್ರತಿನಿಧಿಯ ಆಫೀಸಿಗೆ ಕೊಡೋಣ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಹತ್ತಾರು ಹೆಂಗಸರನ್ನು ಕೂಡಿಸಿ ಸಮಿತಿ ಕಟ್ಟಿದ್ದಳು.

ಆ ಸಮಿತಿಯ ಕರಡನ್ನು ಟೈಪು ಮಾಡುತ್ತಿದ್ದವಳು ಮೈಸೂರಿನ ನಿರುಪಮಾ. ವಕೀಲರ ಆಫೀಸೊಂದರಲ್ಲಿ ಅವಳಿಗೆ ಕೆಲಸ, ಅವಳ ಮಗಳೂ ಗುರುಬಸವ್ವನ ಡೇಕೇರಿನಲ್ಲೇ ಬೆಳೆಯುತ್ತಿದ್ದಳು. ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗ ನಿರುಪಮಾ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಸಮಿತಿಯ ಸುದ್ದಿ ಹೇಳುತ್ತಿದ್ದಳು. “ಆಂಟಿ, ಇವತ್ತು ಟ್ರಸ್ಟಿಗಳು ಎಷ್ಟು ಜನ ಇರ್ಬೇಕು ಅಂತ ಜಗಳ. ನಿನ್ನೆ ಕಟ್ಟಡಕ್ಕೆ ದುಡ್ಡು ಸರಕಾರ ಕೊಡ್ಬೇಕಾ ಜನ ಕೊಡ್ಬೇಕಾ ಅಂತ ಜಗಳ. ಒಂದೊಂದು ಜಗಳಕ್ಕೂ ನಾನು ಇಡೀ ಪೇಜು ವಾಪಸ್ ಟೈಪ್ ಮಾಡ್ಬೇಕು.”

“ಜಗಳ ಇಲ್ದ ಕಾನೂನು ಆಗತೈತೇನs? ನಮ್ಮ ಮನ್ಯಾಗ ಚಕ್ಕಲಿ ಕಾನೂನು ಮಾಡೂದರಾಗ ನನಗ ಸಾಕುಸಾಕಾತು” ಎಂದಳು ಗುರುಬಸವ್ವ.

ಲೊರೇನ್‌ಗೆ ಮೊಮ್ಮಗಳ ಪ್ರಾಸದ ಗುಟ್ಟು ತಿಳಿಯಬೇಕಿತ್ತು. ಒಂದು ದಿನ ಏಮಿಯನ್ನು ಕರೆದೊಯ್ಯಲು ತಾನೇ ಬಂದಳು, ಇದು ಎಲ್ಲಿಯದು ಎಂದು ಕೇಳಿದಳು. ಗುರುಬಸವ್ವ ಅಲಮಾರಿಯ ಮೇಲಿನ ತಗಡಿನ ಡಬ್ಬಿಯಿಂದ ಒಂದು ಕ್ಯಾಸೆಟ್ಟು ತೆಗೆದಳು. ಒಂಬತ್ತು ವರ್ಷದ ಹಿಂದೆ ತಮ್ಮನ ಮದುವೆಗೆಂದು ಗದಗಿಗೆ ಹೋದಾಗ ತುಂಬಿಕೊಂಡು ತಂದದ್ದು. ಹೊಸ ಮದುಮಗಳು ಹೊಸ್ತಿಲಲ್ಲಿ ನಾಚಿ ನಿಂತಿದ್ದಳು. ಅವಳಿಗೆ ಧೈರ್ಯ ಬರಲೆಂದು ಓಣಿಯ ಹೆಂಗಸರು ಏಳು ಮಂದಿ ತಾವೇ ಒಬ್ಬರಾದ ಮೇಲೆ ಒಬ್ಬರು ಒಡಪು ಹಾಕಿದ್ದರು. ಮೊದಲ ದನಿ ಗುರುಬಸವ್ವನ ತಾಯಿಯದು. ಆ ತಾಯಿ ಈಗ ಇಲ್ಲ. ಈ ಕ್ಯಾಸೆಟ್ಟನ್ನು ಹಾಕಿದಾಗಲೆಲ್ಲ ಗುರುಬಸವ್ವನಿಗೆ ಅಳು ಬರುತ್ತಿತ್ತು, ಮೂರನೆಯ ಒಡಪಿಗೆ ಬರುವಷ್ಟರಲ್ಲಿ ನಗು ಬರುತ್ತಿತ್ತು, ಎರಡೂ ಕೂಡಿ ಮೂಗು ಕಟ್ಟುತ್ತಿತ್ತು.

ಲೊರೇನ್ ಕೇಳಿದಳು. ಮಾತು ತಿಳಿಯದಿದ್ದರೂ ಆ ನಗೆ ಕೇಳಿ ತಾನೂ ನಕ್ಕಳು. ಇದು ಸಂಗ್ರಹಾಲಯಕ್ಕೆ ಬೇಕೇ ಬೇಕು, ಇಂಥ ದನಿಗಳನ್ನು ಕೂಡಿಡುವುದಕ್ಕೇ ನಾವು ಕಾಯಿದೆ ಬರೆಯುತ್ತಿರುವುದು ಎಂದು ಗುರುಬಸವ್ವನ ಎರಡೂ ಕೈ ಹಿಡಿದುಕೊಂಡಳು. ತನ್ನವ್ವನ ದನಿ ವಾಷಿಂಗ್ಟನ್ನಿನ ದೊಡ್ಡ ಕಟ್ಟಡದಲ್ಲಿ! ಗುರುಬಸವ್ವನಿಗೆ ನಿಂತ ನೆಲ ಒಂದು ಗೇಣು ಮೇಲೆದ್ದಂತಾಯಿತು. ಆಮೇಲೆ ನಿರುಪಮಾ ಒಡಪು ಎಂದರೇನು, ಅದರಲ್ಲಿ ಬರುವ ಹೆಸರು ಯಾರದು ಎಂದು ವಿವರಿಸಿದಳು. ಲೊರೇನ್ ಕೈ ಬಿಟ್ಟಳು.

“ಗಂಡಂದಿರ ಹೆಸರೇ? ಬರೀ ಗಂಡಂದಿರ ಹೆಸರೇ?” ಎಂದಳು.

ವಿಷಯ ಏನೆಂದರೆ, ಕರಡಿನ ಏಳನೆಯ ಕಲಂ ಲೊರೇನ್ ಸ್ವತಃ ಬರೆದದ್ದು. ಸಂಗ್ರಹಾಲಯಕ್ಕೆ ಬರುವ ಪ್ರತಿ ವಸ್ತುವಿಗೂ ಅದನ್ನು ಮಾಡಿದ ಹೆಂಗಸಿನ ಸ್ವಂತ ಹೆಸರಿರಬೇಕು. ಗಂಡನ ಹೆಸರಿನಿಂದ ಮಾತ್ರ ಗುರುತಾಗುವ ಯಾವುದನ್ನೂ ತೆಗೆದುಕೊಳ್ಳತಕ್ಕದ್ದಲ್ಲ. ಲೊರೇನಳ ಮುತ್ತಜ್ಜಿ ಹೊಲಿದ ಒಂದು ದೊಡ್ಡ ಹೊದಿಕೆ ಯಾವುದೋ ಊರಿನ ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ತೂಗುತ್ತಿತ್ತಂತೆ. ಕೆಳಗೆ ‘ಮಿಸೆಸ್ ಹರ್ಬರ್ಟ್’ ಎಂದು ಬರೆದಿತ್ತಂತೆ. ಹರ್ಬರ್ಟ್ ಎಂಬ ಆ ಗಂಡನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ! ಅದನ್ನು ನೋಡಿದ ಹತ್ತು ವರ್ಷದ ಲೊರೇನ್ ಅಂದೇ ಮನಸ್ಸಿನಲ್ಲಿ ಈ ಕಲಂ ಬರೆದುಬಿಟ್ಟಿದ್ದಳು.

“ಆಂಟಿ, ಬೇಜಾರ್ ಮಾಡ್ಕೋಬೇಡಿ” ಎಂದಳು ನಿರುಪಮಾ, ಲೊರೇನ್ ಹೋದ ಮೇಲೆ. “ಶನಿವಾರ ಲೈಬ್ರರೀಲಿ ಪಬ್ಲಿಕ್ ಹಿಯರಿಂಗು ಇದೆ. ಯಾರು ಬೇಕಾದ್ರೂ ಬಂದು ಕರಡಿನ ಬಗ್ಗೆ ಮಾತಾಡ್ಬೋದು. ನೀವೂ ಬನ್ನಿ. ಸೋಮವಾರ ಅದು ರೆಪ್ರೆಸೆಂಟೇಟಿವ್ ಆಫೀಸಿಗೆ ಹೋಗತ್ತೆ, ಆಮೇಲೆ ಏನೂ ಮಾಡಕ್ಕಾಗಲ್ಲ.”

“ಬರತೀನಿ. ಆ ಏಳನೇ ಕಲಂನ ನಾನು ಬಿಡಂಗಿಲ್ಲ. ಹರ್ಬರ್ಟ ಮಾಡಿದ ತಪ್ಪಿಗೆ ನಮ್ಮವ್ವಗ್ಯಾಕ ಶಿಕ್ಷಾ?”

ಶನಿವಾರ ಗುರುಬಸವ್ವ ಹಸಿರು ಇಳಕಲ್ ಸೀರೆ ಉಟ್ಟಳು. ಕ್ಯಾಸೆಟ್ ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಸಿದ್ರಾಮಪ್ಪ ದಾರಿಯುದ್ದಕ್ಕೂ ಉಪದೇಶ ಮಾಡಿದ. “ನೋಡಬೇ, ಅಲ್ಲಿ ಸಾವಕಾಶ ಮಾತಾಡು. ಜೇಸನ್ಯಾಗ ಮಾತಾಡಿದಂಗ ಮಾತಾಡಬ್ಯಾಡ.” ಸ್ಯಾನ್ ಫ್ರಾನ್ಸಿಸ್ಕೋ ತಲುಪಿ ಅವಳನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದ. ಆ ಊರಿನಲ್ಲಿ ಕಾರು ನಿಲ್ಲಿಸಲು ಹೋದವರು ತಿರುಗಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಮೇಜಿನಲ್ಲಿ ಲೊರೇನ್, ಅವಳ ಬಲಕ್ಕೆ ನೀಲಿ ಕೋಟಿನ ಒಬ್ಬಳು ವಕೀಲೆ, ಎಡಕ್ಕೆ ಉಳಿದ ಸದಸ್ಯೆಯರು. ಪಕ್ಕದಲ್ಲಿ ಪುಟ್ಟ ಯಂತ್ರದ ಮುಂದೆ ಎಲ್ಲರ ಮಾತನ್ನೂ ಟೈಪು ಮಾಡಿಕೊಳ್ಳುತ್ತಿದ್ದ ಒಬ್ಬ ಶೀಘ್ರಲಿಪಿಯ ಹೆಂಗಸು. ಒಬ್ಬಳು ಸಂಗ್ರಹಾಲಯಕ್ಕೆ ಊಟದ ಕೋಣೆ ಬೇಕೆಂದಳು, ಇನ್ನೊಬ್ಬಳು ಅಡಿಗೆಮನೆಯ ವಾಸನೆಯೇ ಬೇಡವೆಂದಳು. ಅವರಿಬ್ಬರನ್ನೂ ಕೂರಿಸುವುದರಲ್ಲಿ ಲೊರೇನಳ ಕೈಗಂಟೆ ಮೂರು ಸಲ ಬಾರಿಸಿತು. ಆಮೇಲೆ ಗುರುಬಸವ್ವನನ್ನು ಕರೆದರು.

“ದಾಖಲೆಗಾಗಿ ನಿಮ್ಮ ಪೂರ್ತಿ ಹೆಸರು ಹೇಳಿ” ಎಂದಳು ವಕೀಲೆ.

ಗುರುಬಸವ್ವ ಇಷ್ಟನ್ನು ಯೋಚಿಸಿರಲಿಲ್ಲ. ಇಡೀ ವಾರ ಭಾಷಣ ಉರುಹೊಡೆದಿದ್ದಳು, ಹೆಸರು ಉರುಹೊಡೆದಿರಲಿಲ್ಲ. ಅವಳ ಊರಿನ ಪದ್ಧತಿಯಂತೆ ಪಾಸ್‌ಪೋರ್ಟಿನಲ್ಲಿ ಮೊದಲು ಅವಳ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಹೊಸಮನಿ. ನಡುವಿನದನ್ನು ಬಿಟ್ಟರೆ ಪೂರ್ತಿ ಹೆಸರಾಗುವುದಿಲ್ಲ, ದಾಖಲೆಗೆ ಸುಳ್ಳು ಹೇಳಿದಂತಾಗುತ್ತದೆ. ಹೇಳಲಂತೂ ಬಾಯಿ ಬರುವುದಿಲ್ಲ. ಹಿಂದೆ ಸಾಲುಸಾಲು ಜನ. ಮೈಕು ಗುಂಯ್ ಎನ್ನುತ್ತಿತ್ತು.

“ಮೇಡಂ, ನಿಮ್ಮ ಹೆಸರು?” ವಕೀಲೆ ಇನ್ನೊಮ್ಮೆ ಕೇಳಿದಳು.

ಗುರುಬಸವ್ವ ಸೆರಗು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ, ಓಣಿಗೆಲ್ಲ ಕೇಳುವ ಗಂಟಲಿನಲ್ಲಿ ಹೇಳಿದಳು:

“ಗೋಲ್ಡನ್ ಗೇಟಿನ ಸೇತುವಿಗೆ ಮಂಜಿನ ಮುಸುಕು,
ಸಿದ್ರಾಮಪ್ಪನವರು ಕಾರ ನಿಲ್ಲಿಸಿ ಬರೂದರಾಗ ಆತು ನಸುಕು!”

ಶೀಘ್ರಲಿಪಿಯವಳ ಬೆರಳು ಗಾಳಿಯಲ್ಲೇ ನಿಂತವು. ಲೊರೇನ್ ಕನ್ನಡಕ ತೆಗೆದಳು. ನಿರುಪಮಾ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು, ನಗು ತಡೆಯುತ್ತ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು: ಸೇತುವೆ ಮುಸುಕು ಹಾಕಿಕೊಂಡಿದೆ, ಇವರ ಯಜಮಾನರು ಕಾರು ನಿಲ್ಲಿಸಲು ಹೋಗಿದ್ದಾರೆ, ಬರುವಷ್ಟರಲ್ಲಿ ಬೆಳಗಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಜನಕ್ಕೆ ಇದಕ್ಕಿಂತ ಸತ್ಯವಾದ ಮಾತನ್ನು ಯಾರೂ ಹೇಳಿರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಅದೇ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಸಿದ್ರಾಮಪ್ಪ ಬಾಗಿಲು ತಳ್ಳಿ ಒಳಗೆ ಬಂದ. ಎಲ್ಲರೂ ತಿರುಗಿ ಅವನನ್ನು ನೋಡಿ ಚಪ್ಪಾಳೆ ತಟ್ಟಿದರು. ಏನಾಯಿತೆಂದು ತಿಳಿಯದೆ ಅವನೂ ಎರಡು ಸಲ ತಟ್ಟಿ, ಹಿಂದಿನ ಸಾಲಿನಲ್ಲಿ ಕೂತ.

ಗುರುಬಸವ್ವನಿಗೆ ಈಗ ಕಾಲ ಕೆಳಗೆ ಗದಗಿನ ನೆಲ ಸಿಕ್ಕಿತ್ತು. ಇಂಗ್ಲಿಷಿನಲ್ಲೇ ಮಾತಾಡಿದಳು, ಆ ಇಂಗ್ಲಿಷಿಗೂ ಗದಗಿನದೇ ಗತ್ತು. ನಮ್ಮ ಕಡೆ ಹೆಂಗಸರು ಹೆಸರು ಹೇಳುವುದಕ್ಕೆ ಹೆದರಿ ಇದನ್ನು ಕಟ್ಟಿದ್ದಲ್ಲ, ಹೇಳುವುದಕ್ಕೆ ದಾರಿ ಮಾಡಿಕೊಂಡದ್ದು. ಮನೆಯಲ್ಲಿ ಯಾವಾಗಲೂ ಗಂಡಸರ ಮಾತು ನಡೆಯುತ್ತಿರುತ್ತದೆ. ಇವರು ಒಡಪು ಶುರುಮಾಡಿದರೆ ಅವರೆಲ್ಲ ಬಾಯಿ ಮುಚ್ಚಿ ಕೇಳಬೇಕು. ಅದರಲ್ಲಿ ಗಂಡನನ್ನು ಹೊಗಳಬಹುದು, ಛೇಡಿಸಬಹುದು, ಯಾರೂ ಏನೂ ಅನ್ನುವಂತಿಲ್ಲ. ನಂಬಿಕೆ ಬರದಿದ್ದರೆ ಕೇಳಿರಿ ಎಂದು ಪ್ಲೇಯರಿನ ಗುಂಡಿ ಒತ್ತಿದಳು.

ಮೊದಲು ಅವಳ ತಾಯಿ ಬಂದಳು:

“ಒಲಿ ಮ್ಯಾಲಿನ ಹಾಲು ಉಕ್ಕಿದರ ಉಫ್ ಅಂತೀನಿ,
ಫಕೀರಪ್ಪನವರು ಸಿಟ್ಟಿಗೆದ್ದರ ಹೂಂ ಅಂತೀನಿ!”

ನಿರುಪಮಾ ಅನುವಾದಿಸಿದಳು, ಸಭೆಯಲ್ಲಿದ್ದ ಗಂಡಸರಲ್ಲಿ ಇಬ್ಬರು ಕೆಂಪಗಾದರು. ಒಂದೊಂದೇ ದನಿ ಬಂದವು. ಏಳನೆಯದು ಒಡಕು ಗಂಟಲಿನ ದನಿ, ಹೇಳುವ ಮೊದಲೇ ತನ್ನ ಒಡಪಿಗೆ ತಾನೇ ನಗುವ ದನಿ:

“ಸಂತ್ಯಾಗಿನ ಸೀರಿ ಸುತ್ತಿದಷ್ಟೂ ಸಾಲಂಗಿಲ್ಲ,
ದ್ಯಾಮಣ್ಣನವರ ಗೊರಕಿ ಗುದ್ದಿದರೂ ನಿಲ್ಲಂಗಿಲ್ಲ!”

ಗೊರಕೆಯ ಅನುವಾದ ಮುಗಿಯುವ ಮೊದಲೇ ಒಬ್ಬಳು ಮುದುಕಿ ಎದ್ದು, ತನ್ನ ಗಂಡ ಫ್ರ್ಯಾಂಕನಿಗೂ ಇಂಥದೊಂದು ಕಟ್ಟಿಕೊಡಿ ಎಂದು ಕೂಗಿದಳು. ಇನ್ನೊಬ್ಬಳು ತಾನೇ ಕಟ್ಟಿಬಿಟ್ಟಳು. ಮೂರನೆಯವಳದು ಪ್ರಾಸಕ್ಕೆ ಕೂಡಲಿಲ್ಲ, ಆದರೂ ಎಲ್ಲರೂ ನಕ್ಕರು. ಲೊರೇನ್ ಗಂಟೆ ಬಾರಿಸುತ್ತಿದ್ದಳು, ಬಾರಿಸುತ್ತ ಬಾರಿಸುತ್ತ ತಾನೂ ನಗುತ್ತಿದ್ದಳು. ಸಂಗ್ರಹಾಲಯದ ಕಾಯಿದೆಯ ಚರ್ಚೆ ಮದುವೆ ಮನೆಯಾಗಿತ್ತು. ಗೆದ್ದೆ ಎಂದುಕೊಂಡಳು ಗುರುಬಸವ್ವ.

ಗದ್ದಲ ತಗ್ಗಿದ ಮೇಲೆ ಶೀಘ್ರಲಿಪಿಯವಳು ಕೈಯೆತ್ತಿದಳು. ಅವಳಿಗೆ ಯಾವ ಪಕ್ಷವೂ ಇರಲಿಲ್ಲ, ದಾಖಲೆ ಸರಿಯಾಗಬೇಕಿತ್ತು, ಅಷ್ಟೇ. ಕ್ಯಾಸೆಟ್ಟಿನಲ್ಲಿದ್ದ ಒಬ್ಬೊಬ್ಬರ ಹೆಸರು ಕೇಳಿದಳು.

“ಮೊದಲನೇದು ನಮ್ಮವ್ವ, ನೀಲವ್ವ” ಎಂದಳು ಗುರುಬಸವ್ವ. ಎರಡನೆಯವಳು ಅತ್ತೆ ತಾಯವ್ವ. ಮೂರನೆಯವಳು ಬೋರವ್ವ. ನಾಲ್ಕು, ಐದು, ಆರು, ಎಲ್ಲರದೂ ಪಟಪಟನೆ ಬಂದವು.

“ಏಳನೆಯವರು? ಗೊರಕೆಯವರು?”

“ಅವರು ನಮ್ಮ ಕೆಳಗಿನಮನಿ ದೊಡ್ಡವ್ವ. ದ್ಯಾಮಣ್ಣನ…”

ಗುರುಬಸವ್ವ ಅಲ್ಲಿಗೇ ನಿಂತಳು. ಆ ದೊಡ್ಡವ್ವ ರಕ್ತಸಂಬಂಧಿಯಲ್ಲ, ಓಣಿಯ ಸಂಬಂಧ. ಅವಳ ಬಗ್ಗೆ ಗುರುಬಸವ್ವನಿಗೆ ಏನು ಗೊತ್ತಿರಲಿಲ್ಲ? ರೊಟ್ಟಿ ಬಡಿಯುವಾಗ ಬಳೆ ಮೇಲೇರಿಸಿಕೊಳ್ಳುವುದು ಗೊತ್ತಿತ್ತು. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಬೀದಿಯ ಜಗಳಕ್ಕೆ ನಿಲ್ಲುವುದು ಗೊತ್ತಿತ್ತು. ಸಣ್ಣವಳಿದ್ದಾಗ ಜ್ವರ ಬಂದು ಮಲಗಿದ ತನ್ನನ್ನು ಅವಳು ಇಡೀ ರಾತ್ರಿ ತೊಡೆಯ ಮೇಲಿಟ್ಟುಕೊಂಡದ್ದೂ ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಹಿರಿಯರಿಗೆ ಅವಳು ದ್ಯಾಮಣ್ಣನ ಹೇಂತಿ, ಕಿರಿಯರಿಗೆ ದೊಡ್ಡವ್ವ. ಅವಳನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ಗುರುಬಸವ್ವ ಒಂದು ದಿನವೂ ಕೇಳಿರಲಿಲ್ಲ. ಗೊರಕೆ ಹೊಡೆದವನ ಹೆಸರು ಸ್ಯಾನ್ ಫ್ರಾನ್ಸಿಸ್ಕೋದ ಸಭೆಗೆಲ್ಲ ತಿಳಿದಿತ್ತು, ಗುದ್ದಿದವಳದು ಯಾರಿಗೂ ತಿಳಿದಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

“ಗೊತ್ತಿಲ್ಲ” ಎಂದಳು.

ಲೊರೇನ್ ‘ನೋಡಿದೆಯಾ’ ಎನ್ನಬಹುದಿತ್ತು, ಅನ್ನಲಿಲ್ಲ. ಎದ್ದು ಬಂದು ಒಂದು ಲೋಟ ನೀರು ಕೊಟ್ಟಳು.

ನೀರು ಕುಡಿದ ಗುರುಬಸವ್ವ ಉರುಹೊಡೆದ ಭಾಷಣವನ್ನೆಲ್ಲ ಕೈಬಿಟ್ಟು ಹೇಳಿದಳು: “ನಿಮ್ಮ ಕಲಂ ತೆಗೀಬ್ಯಾಡ್ರಿ. ನಾ ತೆಗಿಸಾಕ ಬಂದಿದ್ದೆ, ಈಗ ಬ್ಯಾಡ ಅಂತೀನಿ. ಆದರ ಗಂಡನ ಹೆಸರು ಹೊತ್ತು ಬಂದಾಕೀನ್ನ ಬಾಗಿಲದಾಗಿಂದ ಹೊರಗ ಹಾಕಬ್ಯಾಡ್ರಿ. ಹೊರಗ ಹಾಕಿದರ ಆಕಿ ಹೆಸರು ಯಾರಿಗೂ ಎಂದೂ ತಿಳಿಯಂಗಿಲ್ಲ. ಒಳಗ ಕರೀರಿ, ಕುಂದರಸ್ರಿ, ಆಮ್ಯಾಲ ಆಕಿ ಹೆಸರು ಹುಡುಕೂದು ಸಂಗ್ರಹಾಲಯದ ಕೆಲಸ ಅಂತ ಬರೀರಿ.” ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದ್ದಳು. ನಿರುಪಮಾ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದಳು.

ವಕೀಲೆ ಒಪ್ಪಲಿಲ್ಲ. ಮನಸ್ಸಿಲ್ಲದೆ ಅಲ್ಲ, ಕಾನೂನು ಬಲ್ಲವಳಾಗಿ. “ಆಗದ ಕೆಲಸವನ್ನು ಕಾಯಿದೆಯಲ್ಲಿ ಬರೆದರೆ ಕಾಯಿದೆಯೇ ಬೀಳುತ್ತದೆ. ಎಲ್ಲೋ ಒಂದು ಓಣಿಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ಹೆಂಗಸಿನ ಹೆಸರನ್ನು ಯಾವ ಸಂಗ್ರಹಾಲಯ ಹುಡುಕೀತು?” ಸದಸ್ಯೆಯರು ಕೈಯೆತ್ತಿದರು, ಅರ್ಧ ಈ ಕಡೆ, ಅರ್ಧ ಆ ಕಡೆ. ಲೊರೇನ್ ತನ್ನ ಕೈಯನ್ನು ಎತ್ತದೆ ಗುರುಬಸವ್ವನನ್ನೇ ನೋಡಿದಳು.

“ಕರಡು ಸೋಮವಾರ ಹೋಗುತ್ತದೆ. ಅಷ್ಟರೊಳಗೆ ನೀವು ಹುಡುಕಿ. ಸಿಕ್ಕರೆ ‘ಹುಡುಕತಕ್ಕದ್ದು’ ಎಂದು ಬರೆಯುತ್ತೇನೆ, ಕ್ಯಾಸೆಟ್ಟೂ ಒಳಗೆ. ಸಿಗದಿದ್ದರೆ ಕಲಂ ಇದ್ದ ಹಾಗೇ ಇರುತ್ತದೆ.”

ಅಂದು ಸಂಜೆಯೇ ಗುರುಬಸವ್ವನ ಅಡಿಗೆಮನೆಯಲ್ಲಿ ಎಲ್ಲರೂ ಕೂಡಿದರು. ಇಲ್ಲಿ ಶನಿವಾರ ಇಳಿಯುವಾಗ ಗದಗಿನಲ್ಲಿ ಭಾನುವಾರ ಏಳುತ್ತಿರುತ್ತದೆ. ಲೊರೇನ್ ಬಂದಳು, ಏಮಿ ಬಂದಳು, ನಿರುಪಮಾ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಸಾಕ್ಷಿಗೆ ಇರಲೆಂದು ವಕೀಲೆಯೂ ಬಂದಳು, ಬಂದವಳು ಚಕ್ಕುಲಿ ಡಬ್ಬಿಯ ಪಕ್ಕದಲ್ಲೇ ಜಾಗ ಹಿಡಿದಳು. ಸಿದ್ರಾಮಪ್ಪ ಎಲ್ಲರಿಗೂ ಚಹಾ ಮಾಡಿ, ಸಕ್ಕರೆ ಹಾಕಲು ಮರೆತ. ಗುರುಬಸವ್ವ ಎಷ್ಟೋ ಸಲ ಡಯಲ್ ಮಾಡಿದ ಮೇಲೆ ಗದಗಿನ ತಮ್ಮನ ಮನೆಯಲ್ಲಿ ಫೋನು ಎತ್ತಿದರು. ತಮ್ಮನ ಹೆಸರು ವೀರಣ್ಣ.

“ಹೆಸರಾ? ಯಾರ ಹೆಸರು? ದ್ಯಾಮಣ್ಣನ ಹೇಂತೀದಾ?” ವೀರಣ್ಣ ಅಲ್ಲಿಂದ ಕೂಗಿದ. “ದ್ಯಾಮಣ್ಣನ ಹೇಂತಿ ಅಂದರ ದ್ಯಾಮಣ್ಣನ ಹೇಂತಿ! ಏನ ಅಕ್ಕಾ, ಅರಾಮ ಅದಿಯಿಲ್ಲೋ?”

“ನಾ ಅರಾಮದೀನಿ. ದೊಡ್ಡವ್ವ ಅದಾಳಿಲ್ಲೋ?”

ಗುರುಬಸವ್ವ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಕಾಗದಗಳಲ್ಲಿ ಎಲ್ಲರ ಸುದ್ದಿ ಬರುತ್ತಿತ್ತು, ದೊಡ್ಡವ್ವನ ಸುದ್ದಿ ಬಂದು ಎಷ್ಟು ಕಾಲವಾಯಿತೋ ನೆನಪಾಗಲಿಲ್ಲ.

“ಅದಾಳ. ದ್ಯಾಮಣ್ಣಜ್ಜ ಹೋದ, ಆಕಿ ಅದಾಳ. ಅಂಗಳದಾಗ ಕುಂತು ಕೋಳಿಗೆ ಬೈಯಾಕತ್ತಾಳ. ತಡೀ, ಆಕಿ ಮಗನ್ನ ಕೇಳಿ ಹೇಳತೀನಿ.”

“ಮಗನ್ನ ಕೇಳಬ್ಯಾಡೋ! ಆಕೀನ್ನ ಕೇಳು. ಆಕೀನ್ನs ಕರಕೊಂಡ ಬಾ!”

ಫೋನು ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಆಮೇಲೆ ಗದಗಿನ ಓಣಿಯೇ ಫಾಸ್ಟರ್ ಸಿಟಿಯ ಅಡಿಗೆಮನೆಗೆ ಬಂದಿತು. ಒಂದು ಕೋಳಿ, ಒಂದು ಸೈಕಲ್ ಗಂಟೆ, “ಅಮೆರಿಕಾದಿಂದ ಫೋನ್ ಬಂದೈತಂತ” ಎಂದು ಯಾರೋ ಯಾರಿಗೋ ಕೂಗಿದ್ದು, ಮಕ್ಕಳು ಓಡಿದ್ದು. ಗುರುಬಸವ್ವ ರಿಸೀವರನ್ನು ಎಲ್ಲರ ನಡುವೆ ಹಿಡಿದಳು. ಐದು ತಲೆಗಳು ಅದಕ್ಕೆ ಬಾಗಿದವು, ಏಮಿ ಅವುಗಳ ನಡುವೆ ನುಸುಳಿದಳು. ಕೊನೆಗೆ ಏದುಸಿರು, ಬಳೆ ಸದ್ದು, ಆ ಒಡಕು ಗಂಟಲು.

“ಯಾರು ಸತ್ತರಬೇ?”

“ಯಾರೂ ಸತ್ತಿಲ್ಲ ದೊಡ್ಡವ್ವಾ! ನಾನು ಗುರುಬಸವ್ವ!”

“ಯಾರೂ ಸತ್ತಿಲ್ಲಂದರ ಫೋನ್ ಯಾಕ ಮಾಡಿದಿ, ಹುಚ್ಚಿ?”

“ನಿನ್ನ ಹೆಸರು ಕೇಳಾಕ ಮಾಡೀನಿ. ನಿನ್ನ ಒಡಪು ಇಲ್ಲಿ ಎಲ್ಲಾರೂ ಕೇಳ್ಯಾರ, ಬಾಳ ನಕ್ಕಾರ. ಅದನ್ನ ಒಂದು ದೊಡ್ಡ ಮನ್ಯಾಗ ಕಾಯಂ ಇಡತಾರಂತ. ಹೇಳಿದಾಕಿ ಯಾರು ಅಂತ ಬರೀಬೇಕಂತ.”

ಆ ಕಡೆ ನಗು ಕೇಳಿತು. ಒಡಪು ಅಂದೊಡನೆ ದೊಡ್ಡವ್ವನಿಗೆ ಹುರುಪು ಬಂದು ಶುರುಮಾಡಿಯೇಬಿಟ್ಟಳು: “ಸಂತ್ಯಾಗಿನ ಸೀರಿ ಸುತ್ತಿದಷ್ಟೂ…”

“ಅದಲ್ಲ ದೊಡ್ಡವ್ವಾ. ಅವರ ಹೆಸರು ಬರದಾರ. ನಿಂದು ಬೇಕು. ನಿನ್ನ ಹೆಸರು.”

“ನಂದಾ?”

“ನಿಂದs.”

ಅಲ್ಲಿ ತನ್ನ ಸುತ್ತ ನಿಂತ ಓಣಿಯವರಿಗೆ ದೊಡ್ಡವ್ವ ಹೇಳುತ್ತಿದ್ದದ್ದು ದೂರದಿಂದ ಕೇಳಿತು: “ಸರೀರಿ ಅತ್ಲಾಗ, ಮೈಮ್ಯಾಲ ಬೀಳಬ್ಯಾಡ್ರಿ. ನನ್ನ ಹೆಸರು ಕೇಳಾಕತ್ತಾರ, ನನ್ನದು.” ಆಮೇಲೆ ದನಿ ಹತ್ತಿರ ಬಂತು. ನಗೆಯೂ ಇರಲಿಲ್ಲ, ಒಡಪೂ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಯಾರೂ ಕೇಳದ ಒಂದು ಮಾತನ್ನು ಅವಳು ಅಕ್ಷರ ಅಕ್ಷರವಾಗಿ ಹೇಳಿದಳು.

“ಬಂಗಾರೆವ್ವ.”

ನಿರುಪಮಾ ಬರೆದುಕೊಂಡಳು. ಲೊರೇನ್ ಅದನ್ನು ತಪ್ಪು ತಪ್ಪಾಗಿ ಅಂದು ನೋಡಿದಳು, ಏಮಿ ಸರಿಯಾಗಿ ಅಂದು ತೋರಿಸಿದಳು. ವಕೀಲೆ ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡೇ ಕೈ ಮೇಲೆತ್ತಿ ತಿದ್ದಿದ ಏಳನೆಯ ಕಲಮಿಗೆ ಓಟು ಹಾಕಿದಳು. ಸಿದ್ರಾಮಪ್ಪ ಎಲ್ಲರಿಗಿಂತ ಮೊದಲು ಅತ್ತ, ಸಕ್ಕರೆ ಮರೆತದ್ದಕ್ಕೆ ಅಳು ಬಂತೆಂದು ಹೇಳಿದ. ಆ ಕರಡು ಸೋಮವಾರ ಹೊರಟಿತು, ಮುಂದೆ ಯಾವ ಮೇಜಿನಿಂದ ಯಾವ ಮೇಜಿಗೆ ಎಷ್ಟು ವರ್ಷ ಅಲೆಯಿತೋ ಅದು ಈ ಕಥೆಯಲ್ಲ. ಈ ಕಥೆ ಇನ್ನೂ ಫೋನಿನಲ್ಲೇ ಇದೆ. ಗುರುಬಸವ್ವ ಕಣ್ಣೊರೆಸಿಕೊಂಡು, “ಬರಕೊಂಡ್ವಿ ದೊಡ್ಡವ್ವಾ, ಇನ್ನ ಇಡತೀನಿ” ಎಂದಳು.

“ಇಡಬ್ಯಾಡ, ಇಡಬ್ಯಾಡ” ಎಂದಿತು ಆ ಕಡೆಯ ದನಿ. “ಇನ್ನೊಮ್ಮೆ ಕೇಳಬೇ.”

“ಏನು ಕೇಳಲಿ?”

“ಅದs, ಈಗ ಕೇಳಿದ್ಯಲ್ಲ. ಓಣಿ ಮಂದಿ ಎಲ್ಲಾ ಬಂದಾರ. ಇನ್ನೊಮ್ಮೆ ಕೇಳು, ಹೇಳತೀನಿ.”

ಗುರುಬಸವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಲಗೂನಿನ ಆಚೆ ದಡಕ್ಕೂ ಕೇಳುವಂತೆ, ಇನ್ನೊಮ್ಮೆ ಕೇಳಿದಳು.